ಚಳಿಗಾಲದ ಕುದುರೆ, ಮಾರ್ಚ್ ತಿಂಗಳ ಜ್ವರ

ಕುದುರೆ ರೇಸು ಎಂದರೆ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ಬರುವುದು ಬೆಂಗಳೂರಿನ ರೇಸ್‌ಕೋರ್ಸ್ ರಸ್ತೆ, ಇಲ್ಲವೇ ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಕಡೆಯ ಹಸಿರು ಬಯಲು. ಅಲ್ಲಿ ಕುದುರೆಗಳು ಸಮತಟ್ಟಾದ ಹುಲ್ಲಿನ ಹಾದಿಯಲ್ಲಿ ಓಡುತ್ತವೆ. ಒಂದೆರಡು ನಿಮಿಷದಲ್ಲಿ ಆಟ ಮುಗಿದಿರುತ್ತದೆ. ಬ್ರಿಟನ್ ಮತ್ತು ಐರ್ಲೆಂಡ್ ದೇಶಗಳಲ್ಲಿ ಚಳಿಗಾಲದ ರೇಸು ಬೇರೆಯೇ ಬಗೆಯದು. ಮಳೆಗೆ ನೆನೆದು ಕೆಸರಾದ ನೆಲ. ಅದರ ಮೇಲೆ ನಡುನಡುವೆ ಬರ್ಚ್ ಕಡ್ಡಿಗಳನ್ನು ಕಟ್ಟಿ ನಿಲ್ಲಿಸಿದ, ನಾಲ್ಕೂವರೆ ಅಡಿಗೂ ಕಡಿಮೆಯಿಲ್ಲದ ಬೇಲಿಗಳು. ಕುದುರೆ ಸವಾರನನ್ನು ಹೊತ್ತುಕೊಂಡು ಇವನ್ನು ಹಾರಬೇಕು, ಇಳಿಯಬೇಕು, ಮತ್ತೆ ಓಡಬೇಕು. 1752ರಲ್ಲಿ ಐರ್ಲೆಂಡಿನ ಬಟವಂಟ್ ಎಂಬ ಊರಿನ ಚರ್ಚಿನಿಂದ ಡೋನರೈಲ್ ಎಂಬ ಊರಿನ ಚರ್ಚಿನವರೆಗೆ, ಗೋಪುರವನ್ನೇ ಗುರುತಾಗಿಟ್ಟುಕೊಂಡು, ಹಳ್ಳ ಬೇಲಿ ಎನ್ನದೆ ಇಬ್ಬರು ಪಂಥ ಕಟ್ಟಿ ಕುದುರೆ ಓಡಿಸಿದರಂತೆ. ಈ ಓಟಕ್ಕೆ ಸ್ಟೀಪಲ್‌ಚೇಸ್ ಎಂಬ ಹೆಸರು ಬಂದದ್ದು ಚರ್ಚಿನ ಗೋಪುರದಿಂದಲೇ. ಅಂದರೆ ಈ ಆಟ ಹುಟ್ಟಿದ ಗಳಿಗೆಯಲ್ಲೇ ಪಣವೂ ಜೊತೆಗಿತ್ತು.

ಈ ಚಳಿಗಾಲದ ಓಟಗಳೆಲ್ಲ ಕೊನೆಗೆ ಬಂದು ಸೇರುವುದು ಮಾರ್ಚ್ ತಿಂಗಳಲ್ಲಿ, ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್‌ನಲ್ಲಿರುವ ಚೆಲ್ಟನ್‌ಹ್ಯಾಮ್ ಪಟ್ಟಣಕ್ಕೆ. ಮಂಗಳವಾರದಿಂದ ಶುಕ್ರವಾರದವರೆಗೆ ನಾಲ್ಕು ದಿನ, ಒಟ್ಟು 28 ಓಟಗಳು. ಶುಕ್ರವಾರದ ಗೋಲ್ಡ್ ಕಪ್ ಎಲ್ಲಕ್ಕಿಂತ ದೊಡ್ಡದು. ಬೇಲಿ ಹಾರುವ ಓಟವಾಗಿ ಅದು ಶುರುವಾದದ್ದು 1924ರಲ್ಲಿ. ಮೂರು ಕಾಲು ಮೈಲಿಗೂ ಹೆಚ್ಚು ದೂರ, 22 ಬೇಲಿ, ಕೊನೆಯಲ್ಲಿ ಒಂದು ಏರು. ನಮ್ಮಲ್ಲಿ ಜಾತ್ರೆಗೆ ಒಂದು ತಿಂಗಳಿರುವಾಗಲೇ ತೇರಿನ ಮಾತು ಶುರುವಾಗುವ ಹಾಗೆ, ಅಲ್ಲಿ ನವೆಂಬರಿನಿಂದಲೇ ಚೆಲ್ಟನ್‌ಹ್ಯಾಮಿನ ಮಾತು ಶುರುವಾಗುತ್ತದೆ.

ಆರೋಗ್ಯದ ಅಂಕಣದಲ್ಲಿ ಇದೇನು ಕುದುರೆಯ ಪುರಾಣ ಎಂದು ಓದುಗರು ಕೇಳಬಹುದು. ಕಾರಣವಿದೆ. ಈ ಊರಿನ ಎಷ್ಟೋ ಮನೆಗಳ ಮಕ್ಕಳು ಇಂದು ಬ್ರಿಟನ್ನಿನಲ್ಲಿ ಕೆಲಸದಲ್ಲಿದ್ದಾರೆ, ಓದುತ್ತಿದ್ದಾರೆ. ಅಲ್ಲಿ ಪಣ ಕಟ್ಟುವುದು ಕಾನೂನುಬದ್ಧ. 1961ರಿಂದ ಬೀದಿಬೀದಿಯಲ್ಲಿ ಪಣದ ಅಂಗಡಿಗಳಿಗೆ ಪರವಾನಗಿ ಇದೆ. ಈಗಂತೂ ಅಂಗಡಿ ಜೇಬಿನಲ್ಲಿರುವ ಫೋನಿನೊಳಕ್ಕೇ ಬಂದಿದೆ. ಅಲ್ಲಿನ ಕುದುರೆ ಬಿದ್ದರೆ ಇಲ್ಲಿನ ಅಪ್ಪನ ರಕ್ತದೊತ್ತಡ ಏರುವುದನ್ನು ನಾನು ಕಂಡಿದ್ದೇನೆ.

ಹೋದ ವರ್ಷ ನಿವೃತ್ತ ಹೈಸ್ಕೂಲು ಮೇಷ್ಟ್ರೊಬ್ಬರು ಪತ್ನಿಯೊಡನೆ ನನ್ನಲ್ಲಿಗೆ ಬಂದರು. (ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ.) ಹತ್ತು ವರ್ಷದಿಂದ ಒಂದೇ ಮಾತ್ರೆಯಲ್ಲಿ ಹತೋಟಿಯಲ್ಲಿದ್ದ ಬಿ.ಪಿ. ಅಂದು 176/104 ಇತ್ತು. "ಡಾಕ್ಟ್ರೇ, ಇವರು ರಾತ್ರಿ ಎರಡು ಗಂಟೆಗೆ ಎದ್ದು ಹಾಲ್‌ನಲ್ಲಿ ಕೂತಿರ್ತಾರೆ. ಕೇಳಿದರೆ ಏನೂ ಇಲ್ಲ ಅಂತಾರೆ" ಎಂದರು ಆಕೆ. ಮೇಷ್ಟ್ರು ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದರು. ಮಗ ಬರ್ಮಿಂಗ್‌ಹ್ಯಾಮಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಮನೆಯ ಅಡ್ವಾನ್ಸಿಗೆಂದು ಒಮ್ಮೆ ನಾಲ್ಕು ಲಕ್ಷ ಕೇಳಿದ, ಕಳಿಸಿದರು. ಕಾರಿನ ರಿಪೇರಿಗೆಂದು ಮತ್ತೊಮ್ಮೆ ಕೇಳಿದ. ಕೊನೆಗೆ ಸೊಸೆಯೇ ಫೋನು ಮಾಡಿ, "ಮಾವ, ದಯವಿಟ್ಟು ಇನ್ನು ಕಳಿಸಬೇಡಿ" ಎಂದು ಅತ್ತಳು. ಆಫೀಸಿನ ಗೆಳೆಯರ ಜೊತೆ ನವೆಂಬರಿನಲ್ಲಿ ಒಂದು ದಿನ ಚೆಲ್ಟನ್‌ಹ್ಯಾಮಿಗೆ ಹೋಗಿದ್ದೇ ನೆಪ. ಮುಂದಿನ ಎರಡು ಚಳಿಗಾಲದಲ್ಲಿ ಉಳಿತಾಯವೆಲ್ಲ ಹೋಗಿ, ಮೇಲೆ ಸಾಲವೂ ಆಗಿತ್ತು. ಮೇಷ್ಟ್ರ ಪ್ರಶ್ನೆ ಒಂದೇ: "ಬ್ಯಾಂಕಿನಲ್ಲಿ ನನ್ನ ನಿವೃತ್ತಿ ದುಡ್ಡು ಎಫ್.ಡಿ. ಇದೆ. ಅದನ್ನ ಕಳಿಸಿದರೆ ಅವನು ಇದರಿಂದ ಈಚೆ ಬರ್ತಾನಾ?"

ಆ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಈ ರೋಗ ಮಿದುಳಿನಲ್ಲಿ ಹೇಗೆ ಬೇರೂರುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

ಕಾಯುವುದರಲ್ಲೇ ಇರುವ ಅಮಲು

ಇಂಗ್ಲೆಂಡಿನಲ್ಲಿ ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುತ್ತದೆ. ಹೊರಗೆ ಚಳಿ, ಮಳೆ. ಊರು ಬಿಟ್ಟು ಹೋದವನಿಗೆ ಮನೆಗೆ ಬಂದು ಬಾಗಿಲು ಹಾಕಿಕೊಂಡರೆ ಮಾತಾಡಲು ಯಾರೂ ಇಲ್ಲ. ಇಂಥ ಹೊತ್ತಿನಲ್ಲಿ ರೇಸಿನ ಲೋಕ ಒಂದು ಒಳ್ಳೆಯ ಜೊತೆ. ನವೆಂಬರಿನಲ್ಲಿ ಚೆಲ್ಟನ್‌ಹ್ಯಾಮಿನಲ್ಲೇ ಒಂದು ಸುತ್ತು ಓಟ, ಕ್ರಿಸ್‌ಮಸ್ಸಿನ ಮರುದಿನ ಕೆಂಪ್ಟನ್‌ನಲ್ಲಿ ಕಿಂಗ್ ಜಾರ್ಜ್ ಓಟ, ಅದೇ ವಾರ ಡಬ್ಲಿನ್ ಬಳಿಯ ಲೆಪರ್ಡ್ಸ್‌ಟೌನ್‌ನಲ್ಲಿ ಇನ್ನಷ್ಟು, ಜನವರಿ ಕೊನೆಗೆ ಚೆಲ್ಟನ್‌ಹ್ಯಾಮಿನಲ್ಲಿ ಪರೀಕ್ಷಾ ಓಟಗಳು. ಪ್ರತಿ ಓಟದ ನಂತರವೂ ಮಾರ್ಚ್‌ನಲ್ಲಿ ಯಾವ ಕುದುರೆ ಗೆದ್ದೀತು ಎಂಬ ಲೆಕ್ಕ ಬದಲಾಗುತ್ತದೆ. ಯಾವ ಕುದುರೆಗೆ ಕೆಸರು ಹಿಡಿಸುತ್ತದೆ, ಯಾವುದು ಕೊನೆಯ ಏರಿನಲ್ಲಿ ದಮ್ಮು ಕಳೆದುಕೊಳ್ಳುತ್ತದೆ, ತರಬೇತುದಾರ ಏನಂದ ಎಂಬುದೆಲ್ಲ ಚರ್ಚೆಯ ವಿಷಯ. ಕ್ರಿಕೆಟ್ ಅಂಕಿಸಂಖ್ಯೆಯ ಹುಚ್ಚು ಹಿಡಿದ ನಮ್ಮ ಹುಡುಗರಿಗೆ ಇದು ಹೇಳಿ ಮಾಡಿಸಿದ ಹವ್ಯಾಸ. ಇಷ್ಟಕ್ಕೇ ನಿಂತರೆ ವೈದ್ಯರ ಆಕ್ಷೇಪವೇನೂ ಇಲ್ಲ. ಲಕ್ಷಾಂತರ ಜನ ಹೀಗೆ ನೋಡಿ ಖುಷಿಪಟ್ಟು, ಹಬ್ಬಕ್ಕೆ ಐದು ಹತ್ತು ಪೌಂಡ್ ಕಟ್ಟಿ, ಸೋತು, ನಕ್ಕು, ಕೆಲಸಕ್ಕೆ ಹೋಗುತ್ತಾರೆ. ನಾನು ಮಡಿವಂತನಲ್ಲ, ಮೈಸೂರಿನ ರೇಸನ್ನು ಬೇಲಿಯಾಚೆ ನಿಂತು ನೋಡಿ ಚಪ್ಪಾಳೆ ಹೊಡೆದವನೇ.

ಆದರೆ ಮಿದುಳಿನ ಒಂದು ಗುಣವನ್ನು ಗಮನಿಸಬೇಕು. ನಮಗೆ ಸಂತೋಷದ ಸೂಚನೆ ಕೊಡುವ ನರಕೋಶಗಳು ಡೋಪಮಿನ್ ಎಂಬ ರಾಸಾಯನಿಕದ ಮೂಲಕ ಕೆಲಸ ಮಾಡುತ್ತವೆ. ಖಚಿತವಾಗಿ ಸಿಗುವ ಬಹುಮಾನಕ್ಕೆ ಅವು ಬೇಗ ಒಗ್ಗಿಹೋಗುತ್ತವೆ. ಸಿಕ್ಕೀತೋ ಇಲ್ಲವೋ ಎಂಬ ಅನಿಶ್ಚಯ ಇರುವಾಗ, ಕಾಯುವ ಹೊತ್ತಿನಲ್ಲೇ ಅವು ಚುರುಕಾಗುತ್ತವೆ. ತಿಂಗಳ ಸಂಬಳ ಖಾತೆಗೆ ಬಂದಾಗ ಯಾರೂ ಕುಣಿಯುವುದಿಲ್ಲ. ದಾರಿಯಲ್ಲಿ ಸಿಕ್ಕ ನೂರರ ನೋಟಿಗೆ ಮುಖ ಅರಳುತ್ತದೆ. ಅಮೆರಿಕದ ಮನೋವಿಜ್ಞಾನಿ ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿ ಇದನ್ನೇ ತೋರಿಸಿದ. ಗುಂಡಿ ಕುಕ್ಕಿದಾಗೆಲ್ಲ ಕಾಳು ಬಿದ್ದರೆ ಹಕ್ಕಿ ಹೊಟ್ಟೆ ತುಂಬಿದ ಮೇಲೆ ಸುಮ್ಮನಾಗುತ್ತದೆ. ಯಾವಾಗ ಬೀಳುತ್ತದೋ ಗೊತ್ತಿಲ್ಲದಂತೆ ಆಗೊಮ್ಮೆ ಈಗೊಮ್ಮೆ ಕಾಳು ಬಿದ್ದರೆ ಪಟ್ಟು ಬಿಡದೆ ಕುಕ್ಕುತ್ತಲೇ ಇರುತ್ತದೆ, ಕಾಳು ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತದೆ.

ಚಳಿಗಾಲದ ರೇಸಿನಲ್ಲಿ ಈ ಕಾಯುವಿಕೆಯನ್ನು ನಾಲ್ಕು ತಿಂಗಳಿಗೆ ಎಳೆಯುವ ಒಂದು ಏರ್ಪಾಡಿದೆ. ಮಾರ್ಚ್‌ನ ಓಟಕ್ಕೆ ಡಿಸೆಂಬರಿನಲ್ಲೇ ಪಣ ಕಟ್ಟಬಹುದು. ಇದನ್ನು ಆಂಟಿ-ಪೋಸ್ಟ್ ಎನ್ನುತ್ತಾರೆ. ಆಗ ಒಂದಕ್ಕೆ ಹನ್ನೆರಡರಂತೆ ದರ ಕೊಟ್ಟಿದ್ದ ಕುದುರೆ ಜನವರಿಯಲ್ಲೊಂದು ಓಟ ಗೆದ್ದರೆ ಅದರ ದರ ಒಂದಕ್ಕೆ ನಾಲ್ಕಕ್ಕೆ ಇಳಿಯುತ್ತದೆ. ಮೊದಲೇ ಕಟ್ಟಿದವನಿಗೆ ಆಗಲೇ ಗೆದ್ದಷ್ಟು ಹಿಗ್ಗು. ಫೆಬ್ರವರಿಯಲ್ಲಿ ಕುದುರೆಯ ಕಾಲು ಉಳುಕಿತೆಂದು ಓಟದಿಂದ ಹಿಂದೆ ತೆಗೆದರೆ? ಸಾಮಾನ್ಯ ನಿಯಮದ ಪ್ರಕಾರ ಕಟ್ಟಿದ ಹಣ ಹೋಯಿತು. ಓಡಿ ಸೋತ ಕುದುರೆಗಷ್ಟೇ ಅಲ್ಲ, ಓಡದೇ ಇದ್ದ ಕುದುರೆಗೂ ದುಡ್ಡು ಕಳೆದುಕೊಳ್ಳುವ ಜೂಜು ಇದು. ಕೆಲವು ಕಂಪನಿಗಳು ಹಬ್ಬ ಹತ್ತಿರವಾದಾಗ, ಓಡದಿದ್ದರೆ ಹಣ ವಾಪಸು ಎಂಬ ರಿಯಾಯಿತಿ ಕೊಡುತ್ತವೆ. ಆಗ ದರವೂ ಇಳಿದಿರುತ್ತದೆ.

ಇನ್ನೊಂದು, 'ಇನ್ನೇನು ಗೆದ್ದಿತ್ತು' ಎಂಬ ಭಾವ. 1956ರ ಗ್ರ್ಯಾಂಡ್ ನ್ಯಾಷನಲ್ ಓಟದಲ್ಲಿ ರಾಜಮಾತೆಯ ಕುದುರೆ ಡೆವನ್ ಲಾಕ್ ಎಲ್ಲ ಬೇಲಿಗಳನ್ನೂ ದಾಟಿ ಮುಂದಿತ್ತು; ಗೆಲುವಿನ ಗೆರೆ ಕೆಲವೇ ಗಜ ದೂರವಿರುವಾಗ ಕಾರಣವಿಲ್ಲದೆ ಹೊಟ್ಟೆಯ ಮೇಲೆ ಕುಸಿದುಬಿತ್ತು. ಸವಾರ ಡಿಕ್ ಫ್ರಾನ್ಸಿಸ್, ಮುಂದೆ ಪತ್ತೇದಾರಿ ಕಾದಂಬರಿಗಳಿಂದ ಹೆಸರಾದವರು. 2015ರ ಚೆಲ್ಟನ್‌ಹ್ಯಾಮಿನ ಮೊದಲ ದಿನ ಒಬ್ಬನೇ ತರಬೇತುದಾರನ ನಾಲ್ಕು ನೆಚ್ಚಿನ ಕುದುರೆಗಳ ಮೇಲೆ ಸಹಸ್ರಾರು ಜನ ಸರಪಳಿ ಪಣ ಕಟ್ಟಿದ್ದರು. ನಾಲ್ಕೂ ಗೆದ್ದರೆ ಮಾತ್ರ ಹಣ. ಮೊದಲ ಮೂರು ಗೆದ್ದವು. ನಾಲ್ಕನೆಯದು ಆನೀ ಪವರ್ ಎಂಬ ಹೆಣ್ಣು ಕುದುರೆ. ಮುಂದೆ ಓಡುತ್ತ ಕೊನೆಯ ಹರ್ಡಲ್‌ನಲ್ಲಿ ಬಿತ್ತು. ಪಣದ ಕಂಪನಿಗಳಿಗೆ ಕೋಟಿಗಟ್ಟಲೆ ಪೌಂಡ್ ಉಳಿಯಿತೆಂದು ಪತ್ರಿಕೆಗಳು ಬರೆದವು. ಹಣ ಕಳೆದುಕೊಂಡವನು 'ನಾನು ಸೋತೆ' ಎಂದುಕೊಳ್ಳುವುದಿಲ್ಲ, 'ಒಂದೇ ಒಂದು ಬೇಲಿ' ಎಂದುಕೊಳ್ಳುತ್ತಾನೆ. ಕೇಂಬ್ರಿಜ್‌ನ ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದ ಸ್ಕ್ಯಾನ್ ಅಧ್ಯಯನವೊಂದರಲ್ಲಿ, ಜೂಜಿನ ಯಂತ್ರದಲ್ಲಿ ಕೂದಲೆಳೆಯಲ್ಲಿ ಸೋತಾಗ ಗೆದ್ದಾಗ ಚುರುಕಾಗುವ ಮಿದುಳಿನ ಭಾಗಗಳೇ ಚುರುಕಾದದ್ದು ಕಂಡುಬಂತು. ಹಾಗೆ ಸೋತವರಿಗೆ ಆಟ ಮುಂದುವರಿಸುವ ಆಸೆಯೂ ಹೆಚ್ಚಿತ್ತು. ಬೇಲಿ ಹಾರುವ ರೇಸಿನಲ್ಲಿ ಇಂಥ ಸೋಲಿಗೆ ಬರವಿಲ್ಲ.

ಸರಪಳಿ ಪಣದ ಲೆಕ್ಕವನ್ನೂ ಇಲ್ಲೇ ನೋಡಿಬಿಡೋಣ. ಒಂದೊಂದು ಕುದುರೆಗೂ ಗೆಲ್ಲುವ ಸಾಧ್ಯತೆ ಅರ್ಧದಷ್ಟಿದೆ ಎಂದಿಟ್ಟುಕೊಂಡರೂ, ನಾಲ್ಕೂ ಗೆಲ್ಲುವ ಸಾಧ್ಯತೆ ಹದಿನಾರರಲ್ಲಿ ಒಂದು.

ಲೆಕ್ಕ ಬಲ್ಲವನಿಗೂ ಏಕೆ ಬರುತ್ತದೆ?

"ನನ್ನ ಮಗ ಗಣಿತದಲ್ಲಿ ನೂರಕ್ಕೆ ನೂರು ತೆಗೆದವನು ಡಾಕ್ಟ್ರೇ" ಎಂದರು ಮೇಷ್ಟ್ರು. ಇದೇ ಇಲ್ಲಿನ ತೊಡಕು. ಲಾಟರಿ ಕೊಂಡವನಿಗೆ ತಾನು ಅದೃಷ್ಟ ನಂಬಿದ್ದೇನೆಂದು ಗೊತ್ತಿರುತ್ತದೆ. ರೇಸು ಕಟ್ಟುವವನಿಗೆ ತಾನು ಓದಿಕೊಂಡಿದ್ದೇನೆ ಎಂಬ ಧೈರ್ಯ. ನಮ್ಮ ಸುಪ್ರೀಂ ಕೋರ್ಟು ಕೂಡ 1996ರ ತೀರ್ಪೊಂದರಲ್ಲಿ, ಕುದುರೆ ರೇಸಿನಲ್ಲಿ ಅದೃಷ್ಟಕ್ಕಿಂತ ಕೌಶಲದ ಪಾಲು ಹೆಚ್ಚು ಎಂದಿದೆ. ಕಾನೂನಿನ ಮಟ್ಟಿಗೆ ಅದು ಸರಿ. ಆದರೆ ಕೌಶಲ ಹೆಚ್ಚಿದಷ್ಟೂ ರೋಗ ಬರುವುದಿಲ್ಲ ಎಂದೇನೂ ಇಲ್ಲ. ಗೆದ್ದಾಗ ತನ್ನ ಜಾಣತನ ಕಾರಣ, ಸೋತಾಗ ಕೆಸರು, ಜಾಕಿ, ಗಾಳಿ ಕಾರಣ. ಗೆದ್ದದ್ದು ವರ್ಷಗಟ್ಟಲೆ ನೆನಪಿರುತ್ತದೆ, ಸೋತದ್ದು ಸಂಜೆಗೆ ಮರೆಯುತ್ತದೆ.

ಪಣದ ಕಂಪನಿಯ ಲಾಭ ದರದಲ್ಲೇ ಅಡಗಿದೆ. ಸಮಬಲದ ನಾಲ್ಕು ಕುದುರೆಗಳ ಓಟವೆಂದುಕೊಳ್ಳಿ. ನ್ಯಾಯವಾದ ದರ ಒಂದಕ್ಕೆ ಮೂರು. ಕಂಪನಿ ಕೊಡುವುದು ಒಂದಕ್ಕೆ ಎರಡೂವರೆ. ನೀವು ನಾಲ್ಕರ ಮೇಲೂ ನೂರು ನೂರು ಕಟ್ಟಿದರೆ ಕೈಯಿಂದ ಹೋಗುವುದು 400. ಯಾವುದೇ ಗೆಲ್ಲಲಿ, ಕೈಗೆ ಬರುವುದು ಅಸಲು ಸೇರಿ 350. ಆ ಐವತ್ತು ಪ್ರತಿ ಓಟದಲ್ಲೂ ಸೋರುತ್ತದೆ. ಈ ಸೋರಿಕೆಯನ್ನು ಮೀರಿ ವರ್ಷವಿಡೀ ಗೆಲ್ಲುವ ನಿಜವಾದ ತಜ್ಞರು ಇಲ್ಲವೆಂದಲ್ಲ, ಬೆರಳೆಣಿಕೆಯಷ್ಟಿದ್ದಾರೆ. ಅಂಥವರ ಖಾತೆಗೆ ಕಂಪನಿಗಳು ಮಿತಿ ಹಾಕುವುದು ಅಲ್ಲಿ ಎಲ್ಲರಿಗೂ ತಿಳಿದ ಸಂಗತಿ. ನಿಮ್ಮ ಹುಡುಗನ ಖಾತೆಗೆ ಮಿತಿ ಬಿದ್ದಿಲ್ಲವೆಂದರೆ ಅದರ ಅರ್ಥವನ್ನು ನೀವೇ ಊಹಿಸಬಹುದು.

ಮೊದಲು ರೇಸಿಗೆ ಒಂದು ಸಹಜವಾದ ತಡೆ ಇತ್ತು. ಓಟ ಮುಗಿದರೆ ಮುಂದಿನದಕ್ಕೆ ಅರ್ಧ ಗಂಟೆ ಕಾಯಬೇಕು, ಸಂಜೆಗೆ ಬಾಗಿಲು ಹಾಕುತ್ತಾರೆ, ಜೇಬು ಬರಿದಾದರೆ ಮನೆಗೆ ನಡೆಯಬೇಕು. ಫೋನಿನಲ್ಲಿ ಈ ಮೂರೂ ಇಲ್ಲ. ಮೂರೂವರೆಯ ಓಟ ಸೋತವನಿಗೆ ಅದೇ ಪರದೆಯಲ್ಲಿ ಕ್ಯಾಸಿನೊ ಆಟಗಳಿವೆ, ಕಂಪ್ಯೂಟರ್ ಓಡಿಸುವ ಸುಳ್ಳು ಕುದುರೆಗಳೂ ಇವೆ. ಕೆಲವು ಸೆಕೆಂಡಿಗೊಂದು ಆಟ. ಚಳಿಗಾಲವಿಡೀ ಕುದುರೆಗಳ ಬಗ್ಗೆ ಆಸ್ಥೆಯಿಂದ ಓದಿದವನು ಕೊನೆಗೆ ನಡುರಾತ್ರಿ ಹಣ್ಣಿನ ಚಿತ್ರ ತಿರುಗುವ ಯಂತ್ರದಲ್ಲಿ ದುಡ್ಡು ಕಳೆಯುತ್ತಿರುತ್ತಾನೆ. ಮೇಷ್ಟ್ರ ಮಗನ ಸಾಲದಲ್ಲಿ ದೊಡ್ಡ ಪಾಲು ಹೀಗೆ ಆದದ್ದೇ. ಬ್ರಿಟನ್ ಸರಕಾರ ಕೆಲವು ಕಡಿವಾಣ ಹಾಕಿದೆ. 2020ರ ಏಪ್ರಿಲ್‌ನಿಂದ ಕ್ರೆಡಿಟ್ ಕಾರ್ಡಿನಲ್ಲಿ ಪಣ ಕಟ್ಟುವಂತಿಲ್ಲ. 2025ರಿಂದ ಆನ್‌ಲೈನ್ ಯಂತ್ರದಾಟಗಳಲ್ಲಿ ಒಂದು ಸಲಕ್ಕೆ ಐದು ಪೌಂಡ್, 25 ವರ್ಷದೊಳಗಿನವರಾದರೆ ಎರಡು ಪೌಂಡ್ ಗರಿಷ್ಠ ಮಿತಿ. ನಮ್ಮಲ್ಲೂ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತಿನ ಒಪ್ಪಿಗೆ ಸಿಕ್ಕಿತು.

ಮದ್ಯದ ಮಾತನ್ನೂ ಹೇಳಬೇಕು. ಚೆಲ್ಟನ್‌ಹ್ಯಾಮ್ ಹಬ್ಬದಲ್ಲಿ ಬಿಯರು ಧಾರಾಳವಾಗಿ ಹರಿಯುತ್ತದೆ. ಕುಡಿತ ಮೊದಲು ಮಂಕಾಗಿಸುವುದು ಬೇಡ ಎನ್ನುವ ಶಕ್ತಿಯನ್ನು. ಬೆಳಿಗ್ಗೆ ಮನೆಯಲ್ಲಿ ಇಪ್ಪತ್ತು ಪೌಂಡ್ ಎಂದು ಗೊತ್ತುಮಾಡಿಕೊಂಡು ಹೊರಟವನ ಲೆಕ್ಕ ಮೂರನೆಯ ಗ್ಲಾಸಿಗೆ ತಪ್ಪುತ್ತದೆ.

ಚಟವೋ, ರೋಗವೋ?

ಧರ್ಮರಾಯ ರಾಜ್ಯ, ತಮ್ಮಂದಿರು, ಹೆಂಡತಿ ಎಲ್ಲರನ್ನೂ ಪಣಕ್ಕಿಟ್ಟದ್ದನ್ನು ನಾವು ಕೇಳಿ ಬೆಳೆದವರು. ಸೋತು ಹೋದ ಮೇಲೂ ಮತ್ತೊಮ್ಮೆ ಆಡಲು ಕರೆ ಬಂದಾಗ ಆತ ಹೋದ ಎಂಬುದು ವೈದ್ಯನಾದ ನನ್ನ ಗಮನ ಸೆಳೆಯುವ ಭಾಗ. ಧರ್ಮವನ್ನು ಅರಿತವನಿಗೂ ಕೈ ತಡೆಯಲಾಗಲಿಲ್ಲ. ವೈದ್ಯಶಾಸ್ತ್ರ ಈ ಸ್ಥಿತಿಯನ್ನು ಹೆಸರಿಟ್ಟು ಪಟ್ಟಿಗೆ ಸೇರಿಸಿದ್ದು 1980ರಲ್ಲಿ. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಇದನ್ನು ಮದ್ಯ, ಮಾದಕ ವಸ್ತುಗಳ ವ್ಯಸನದ ಜೊತೆಯಲ್ಲೇ ಇರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಯಲ್ಲಿರುವ ರೋಗಪಟ್ಟಿಯಲ್ಲೂ ಇದು ವ್ಯಸನಗಳ ಸಾಲಿನಲ್ಲಿದೆ. ಬಾಯಿಯಿಂದ ಏನೂ ಒಳಗೆ ಹೋಗದಿದ್ದರೂ ಮಿದುಳಿನಲ್ಲಿ ಆಗುವುದು ಅದೇ ಎಂಬುದು ಇದರ ಅರ್ಥ.

ಲಕ್ಷಣಗಳು ಹೀಗಿರುತ್ತವೆ. ಮೊದಲು ಹತ್ತು ಪೌಂಡಿಗೆ ಸಿಗುತ್ತಿದ್ದ ಉದ್ವೇಗ ಈಗ ನೂರಕ್ಕೂ ಸಿಗುವುದಿಲ್ಲ. ಬಿಡಬೇಕೆಂದರೆ ಸಿಡುಕು, ಚಡಪಡಿಕೆ. ಬೇಸರ ಬಂದಾಗ, ಹೆಂಡತಿಯೊಡನೆ ಮಾತು ಬಂದಾಗ ಕೈ ಫೋನಿಗೇ ಹೋಗುತ್ತದೆ. ಹಗಲೆಲ್ಲ ಮನಸ್ಸಿನಲ್ಲಿ ಅದೇ ಲೆಕ್ಕ. ಸುಳ್ಳು, ಸಾಲ, ಕೆಲಸದಲ್ಲಿ ತಪ್ಪು. ಇವೆಲ್ಲಕ್ಕಿಂತ ನನಗೆ ಮುಖ್ಯವಾಗಿ ಕಾಣುವ ಗುರುತು, ಕಳೆದುಕೊಂಡದ್ದನ್ನು ವಾಪಸು ಪಡೆಯಲು ಮರುದಿನವೇ ಮತ್ತೆ ಕಟ್ಟುವುದು. ಸೋತವನು ಬೇಸರಪಟ್ಟು ಎದ್ದು ಹೋದರೆ ಅದು ಆಟ. ಸೋತದ್ದರ ಬೆನ್ನಟ್ಟಿದರೆ ಅದು ರೋಗದ ಹೊಸ್ತಿಲು. ವೈದ್ಯರು ಬಳಸುವ ಎರಡೇ ಪ್ರಶ್ನೆಗಳ ಒಂದು ಸರಳ ಪರೀಕ್ಷೆಯಿದೆ: ಹೆಚ್ಚು ಹೆಚ್ಚು ಹಣ ಕಟ್ಟಬೇಕೆಂದು ಎಂದಾದರೂ ಅನ್ನಿಸಿದೆಯೇ? ಎಷ್ಟು ಕಟ್ಟಿದೆ ಎಂಬುದರ ಬಗ್ಗೆ ನಿಮಗೆ ಬೇಕಾದವರ ಹತ್ತಿರ ಸುಳ್ಳು ಹೇಳಿದ್ದೀರಾ? ಎರಡರಲ್ಲಿ ಒಂದಕ್ಕೆ ಹೌದು ಎಂದರೂ ವೈದ್ಯರ ಜೊತೆ ಮಾತಾಡುವುದು ಒಳ್ಳೆಯದು.

ನನ್ನಂಥ ಸಾಮಾನ್ಯ ವೈದ್ಯರ ಬಳಿಗೆ ಯಾರೂ 'ನನಗೆ ಜೂಜಿನ ರೋಗ' ಎಂದು ಹೇಳಿಕೊಂಡು ಬರುವುದಿಲ್ಲ. ಗ್ಯಾಸ್ಟ್ರಿಕ್ ಎಂದು ಬರುತ್ತಾರೆ. ತಲೆನೋವು, ಎದೆ ಹೊಡೆದುಕೊಳ್ಳುವುದು, ನಿದ್ದೆಯಿಲ್ಲ ಎನ್ನುತ್ತಾರೆ. ಇ.ಸಿ.ಜಿ. ಸರಿಯಿರುತ್ತದೆ, ಎಂಡೋಸ್ಕೋಪಿ ಸರಿಯಿರುತ್ತದೆ. ಬ್ರಿಟನ್ನಿನ ನೈಸ್ ಸಂಸ್ಥೆ 2025ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಬೀಡಿ ಸಿಗರೇಟು ಮದ್ಯದ ಬಗ್ಗೆ ಕೇಳುವಂತೆಯೇ ಜೂಜಿನ ಬಗ್ಗೆಯೂ ರೋಗಿಗಳನ್ನು ಕೇಳಬೇಕೆಂದು ವೈದ್ಯರಿಗೆ ಹೇಳಿದೆ. ನಮ್ಮಲ್ಲೂ ಕೇಳುವುದನ್ನು ರೂಢಿಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ಮನೆಯವರು ಏನು ಮಾಡಬೇಕು?

ಮೇಷ್ಟ್ರ ಪ್ರಶ್ನೆಗೆ ನಾನು ಕೊಟ್ಟ ಉತ್ತರ, "ಬೇಡ, ಕಳಿಸಬೇಡಿ" ಎಂದು. ಅವರಿಗೆ ನೋವಾಯಿತು. ಹೆತ್ತವರಿಗೆ ಮಗನ ಸಾಲ ತೀರಿಸುವುದೇ ಮದ್ದು ಎನಿಸುವುದು ಸಹಜ. ಆದರೆ ಈ ರೋಗದಲ್ಲಿ ಕೈಗೆ ಬಂದ ದೊಡ್ಡ ಮೊತ್ತ ಸಾಲಗಾರನಿಗೆ ತಲುಪುವ ಮೊದಲೇ ಮುಂದಿನ ಓಟಕ್ಕೆ ತಲುಪುತ್ತದೆ. 'ಇದನ್ನು ದುಪ್ಪಟ್ಟು ಮಾಡಿ ಅಪ್ಪನಿಗೂ ವಾಪಸು ಕೊಟ್ಟುಬಿಡುತ್ತೇನೆ' ಎಂಬುದು ಅವನು ಆಗ ಪ್ರಾಮಾಣಿಕವಾಗಿಯೇ ನಂಬುವ ಮಾತು. ಸಹಾಯ ಮಾಡಲೇಬೇಕೆಂದಿದ್ದರೆ ಬಾಡಿಗೆ, ಮಗುವಿನ ಶಾಲೆ, ದಿನಸಿ ಇವುಗಳಿಗೆ ನೇರವಾಗಿ, ಅದೂ ಸೊಸೆಯ ಕೈಗೆ. ಸಂಬಳ ಬೀಳುವ ಖಾತೆಯ ಆಡಳಿತವನ್ನು ಕೆಲವು ಕಾಲ ಹೆಂಡತಿಗೋ ನಂಬಿಕೆಯ ಗೆಳೆಯನಿಗೋ ವಹಿಸಬೇಕು. ಇದಕ್ಕೆ ಅವನೇ ಒಪ್ಪಬೇಕು. ಕದ್ದುಮುಚ್ಚಿ ಮಾಡಿದರೆ ನಿಲ್ಲುವುದಿಲ್ಲ.

ಫೋನಿನಲ್ಲಿ ಏನು ಮಾತಾಡಬೇಕು ಎಂಬುದೂ ಚಿಕಿತ್ಸೆಯ ಭಾಗವೇ. ಅಲ್ಲಿ ಮೂರೂವರೆ ಎಂದರೆ ಇಲ್ಲಿ ರಾತ್ರಿ ಒಂಬತ್ತು, ಊಟ ಮಾಡಿ ಕೂತ ಅಪ್ಪ ಅದೇ ಹೊತ್ತಿಗೆ ಫೋನು ಮಾಡಿ, "ಕಟ್ಟಿದೆಯೇನೋ ಇವತ್ತು?" ಎಂದು ದಿನವೂ ಕೇಳಿದರೆ ಅವನು ಸುಳ್ಳು ಹೇಳುವುದನ್ನು ಕಲಿಯುತ್ತಾನೆ. "ಮಾನ ಕಳೆದೆ" ಎಂಬ ಮಾತು ಅವನಿಗೆ ಆಗಲೇ ದಿನಕ್ಕೆ ನೂರು ಸಲ ತನಗೆ ತಾನೇ ಹೇಳಿಕೊಂಡದ್ದು. ಈ ರೋಗಿಗಳಲ್ಲಿ ಆತ್ಮಹತ್ಯೆಯ ಅಪಾಯ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು ಎಂಬುದನ್ನು ಮನೆಯವರು ಮರೆಯಬಾರದು. ಸಾಲ ಬಯಲಾದ ವಾರ ಬಹಳ ನಾಜೂಕಿನದು. "ಬದುಕಿದ್ದೇನು ಪ್ರಯೋಜನ" ಎಂಬಂಥ ಮಾತು ಬಂದರೆ ಅದನ್ನು ನಾಟಕವೆಂದು ತಳ್ಳಿಹಾಕದೆ, ಅಂದೇ, ಆ ಗಳಿಗೆಯಲ್ಲೇ, ಅವನ ಹತ್ತಿರ ಯಾರಾದರೂ ಇರುವಂತೆ ನೋಡಿಕೊಳ್ಳಬೇಕು, ವೈದ್ಯರ ಸಹಾಯ ಪಡೆಯಬೇಕು. "ದುಡ್ಡು ಹೋಯಿತು, ನೀನಿದ್ದೀಯಲ್ಲ, ಸಾಕು" ಎಂದು ಮೇಷ್ಟ್ರು ಮಗನಿಗೆ ಹೇಳಿದರಂತೆ. ನಾನು ಬರೆದುಕೊಟ್ಟ ಮಾತ್ರೆಗಳಿಗಿಂತ ಅದರಿಂದಲೇ ಅವರಿಬ್ಬರಿಗೂ ನಿದ್ದೆ ಬಂದಿರಬೇಕು.

ಬ್ರಿಟನ್ನಿನಲ್ಲಿ ಇರುವವರಿಗೆ ಸೌಲಭ್ಯಗಳು ಚೆನ್ನಾಗಿವೆ. ಗ್ಯಾಮ್‌ಸ್ಟಾಪ್ ಎಂಬ ಉಚಿತ ಸೇವೆಯಲ್ಲಿ ಹೆಸರು ನೋಂದಾಯಿಸಿದರೆ ಆರು ತಿಂಗಳು, ಒಂದು ವರ್ಷ ಅಥವಾ ಐದು ವರ್ಷ, ಗ್ರೇಟ್ ಬ್ರಿಟನ್ನಿನಲ್ಲಿ ಪರವಾನಗಿ ಪಡೆದ ಯಾವ ಆನ್‌ಲೈನ್ ಪಣದ ಕಂಪನಿಯೂ ಅವನನ್ನು ಒಳಗೆ ಬಿಡುವಂತಿಲ್ಲ. ಅವಧಿಗೆ ಮೊದಲು ಬೇಡವೆಂದು ಗೋಗರೆದರೂ ತೆಗೆಯುವುದಿಲ್ಲ. ಅದೇ ಅದರ ಗುಣ. ಅನೇಕ ಬ್ಯಾಂಕುಗಳು ಪಣದ ಕಂಪನಿಗಳಿಗೆ ಹಣ ಹೋಗದಂತೆ ಖಾತೆಗೆ ತಡೆ ಹಾಕಿಕೊಡುತ್ತವೆ. ಅಲ್ಲಿನ ಸರಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್, ಜೂಜಿನ ರೋಗಿಗಳಿಗೆಂದೇ ಲಂಡನ್ನಿನಲ್ಲಿ 2008ರಲ್ಲಿ ಒಂದು ಚಿಕಿತ್ಸಾಲಯ ತೆರೆಯಿತು. 2024ರ ವೇಳೆಗೆ ಇಂಗ್ಲೆಂಡಿನಲ್ಲಿ ಇಂಥವು 15 ಆದವು. ರೋಗಿ ತಾನೇ ನೇರವಾಗಿ ಸಂಪರ್ಕಿಸಬಹುದು. ವೀಸಾದ ಜೊತೆ ಆರೋಗ್ಯ ಶುಲ್ಕ ಕಟ್ಟಿ ಹೋದ ನಮ್ಮ ಹುಡುಗರಿಗೂ ಎನ್‌ಎಚ್‌ಎಸ್ ಸೇವೆ ಸಿಗುತ್ತದೆ.

ಚಿಕಿತ್ಸೆಯ ತಿರುಳು ಮಾತುಕತೆ. ಯಾವ ಹೊತ್ತಿನಲ್ಲಿ, ಯಾವ ಯೋಚನೆಯ ಬೆನ್ನಿಗೆ ಕೈ ಫೋನಿಗೆ ಹೋಗುತ್ತದೆ ಎಂಬುದನ್ನು ರೋಗಿಯೇ ಗುರುತಿಸಿ, ಅಲ್ಲಿ ಬೇರೆ ದಾರಿ ಹಿಡಿಯುವುದನ್ನು ವಾರವಾರವೂ ಕಲಿಸುತ್ತಾರೆ. ಜೊತೆಗೆ ಖಿನ್ನತೆ, ಕುಡಿತ ಇದ್ದರೆ ಅವಕ್ಕೂ ಚಿಕಿತ್ಸೆ ಬೇಕು. ಮಾತುಕತೆಯಿಂದ ಸಾಲದಿದ್ದಾಗ ನಾಲ್ಟ್ರೆಕ್ಸೋನ್ ಎಂಬ ಮಾತ್ರೆಯನ್ನು ತಜ್ಞರು ಕೊಡುವುದುಂಟು. ಒಮ್ಮೆ ಬಿಟ್ಟವರು ಮತ್ತೆ ಜಾರುವುದು ಅಪರೂಪವಲ್ಲ. ಅದೂ ಮಾರ್ಚ್‌ನಲ್ಲಿ, ಆಫೀಸಿನಲ್ಲೆಲ್ಲ ಅದೇ ಮಾತು, ಟಿವಿಯಲ್ಲಿ ಅದೇ ಜಾಹೀರಾತು ಇರುವಾಗ. ಆ ವಾರ ರಜೆ ಹಾಕಿ ಬೇರೆಡೆ ಹೋಗುವುದು, ಇಲ್ಲವೇ ಮನೆಯವರು ಅಲ್ಲಿಗೆ ಹೋಗಿ ಜೊತೆಗಿರುವುದು ಒಳ್ಳೆಯದು. ಓಟಗಳನ್ನು ಪಣವಿಲ್ಲದೆ ಬರೀ ನೋಡಬಹುದೇ ಎಂದು ಕೇಳುತ್ತಾರೆ. ಮೊದಲ ಒಂದೆರಡು ವರ್ಷ ಬೇಡ ಎನ್ನುತ್ತೇನೆ.

ಇಲ್ಲಿರುವವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ವಿಭಾಗವಿದೆ. ಫೋನು, ಇಂಟರ್‌ನೆಟ್ ಅತಿಯಾದವರಿಗೆ 2014ರಿಂದ ಪ್ರತ್ಯೇಕ ಕ್ಲಿನಿಕ್ ಕೂಡ ಇದೆ. ಕೇಂದ್ರ ಸರಕಾರದ ಟೆಲಿ-ಮನಸ್ ಸಹಾಯವಾಣಿಗೆ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಗ ವಿದೇಶದಲ್ಲಿದ್ದು ಇಲ್ಲಿ ನಿದ್ದೆಗೆಟ್ಟ ಅಪ್ಪ ಅಮ್ಮನೂ ಕರೆ ಮಾಡಬಹುದು.

ಒಂದು ಮಾತ್ರೆಯ ವಿಷಯ

ಇಷ್ಟು ಹೊತ್ತು ಯುವಕರ ಮಾತಾಯಿತು. ಜೀವಮಾನದಲ್ಲಿ ಒಂದು ಇಸ್ಪೀಟು ಎಲೆ ಮುಟ್ಟದ ಹಿರಿಯರಿಗೂ ಹಠಾತ್ತನೆ ಜೂಜಿನ ಹಂಬಲ ಬರುವುದುಂಟು. ಪಾರ್ಕಿನ್ಸನ್ ಕಾಯಿಲೆಗೆ, ಅಂದರೆ ಕೈನಡುಕ ಮೈಬಿಗಿತದ ಕಾಯಿಲೆಗೆ, ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಎಂಬ ಮಾತ್ರೆಗಳನ್ನು ಕೊಡುತ್ತಾರೆ. ರಾತ್ರಿ ಹೊತ್ತು ಕಾಲು ಸೆಳೆದು ಚಡಪಡಿಸುವ ತೊಂದರೆಗೂ ಇವನ್ನೇ ಕೊಡುವುದುಂಟು. ಇವು ಡೋಪಮಿನ್‌ನಂತೆಯೇ ಕೆಲಸ ಮಾಡುವ ಔಷಧಗಳು. ಒಳ್ಳೆಯ ಮಾತ್ರೆಗಳೇ, ನಡೆಯಲಾಗದವರನ್ನು ನಡೆಸುತ್ತವೆ. ಆದರೆ ಇವನ್ನು ತೆಗೆದುಕೊಳ್ಳುವ ಕೆಲವರಲ್ಲಿ ತಡೆಯಲಾಗದ ಜೂಜಿನ ಆಸೆ, ಕಂಡದ್ದೆಲ್ಲ ಕೊಳ್ಳುವ ಆಸೆ, ಅತಿಯಾಗಿ ತಿನ್ನುವ ಆಸೆ ಹುಟ್ಟುತ್ತದೆ. ಮನೋರೋಗಗಳಿಗೆ ಕೊಡುವ ಅರಿಪಿಪ್ರಜೋಲ್ ಎಂಬ ಔಷಧದಿಂದಲೂ ಹೀಗಾಗಬಹುದೆಂದು ಅಮೆರಿಕದ ಔಷಧ ಇಲಾಖೆ 2016ರಲ್ಲಿ ಎಚ್ಚರಿಸಿದೆ.

ಹಾಗಾಗಿ ಅರವತ್ತೈದು ದಾಟಿದ ಅಜ್ಜ ಇದ್ದಕ್ಕಿದ್ದಂತೆ ಲಾಟರಿ, ರೇಸು, ಫೋನಿನ ಆಟ ಎಂದು ಪಿಂಚಣಿ ಕಳೆಯತೊಡಗಿದರೆ, ವಯಸ್ಸಿಗೆ ಬುದ್ಧಿ ಕೆಟ್ಟಿತೆಂದು ಬೈಯುವ ಮೊದಲು ಅವರ ಮಾತ್ರೆಗಳ ಚೀಟಿಯನ್ನು ಒಮ್ಮೆ ನೋಡಿ. ಈ ಮೇಲಿನ ಹೆಸರುಗಳಿದ್ದರೆ ಚೀಟಿ ಬರೆದ ವೈದ್ಯರಿಗೆ ವಿಷಯ ತಿಳಿಸಿ. ತಾವಾಗಿ ಮಾತ್ರೆ ನಿಲ್ಲಿಸಬಾರದು. ಏಕಾಏಕಿ ನಿಲ್ಲಿಸಿದರೆ ಬೇರೆ ತೊಂದರೆಗಳಾಗುತ್ತವೆ. ವೈದ್ಯರು ಪ್ರಮಾಣವನ್ನು ನಿಧಾನವಾಗಿ ಇಳಿಸುತ್ತಾರೆ, ಇಲ್ಲವೇ ಬೇರೆ ಔಷಧಕ್ಕೆ ಬದಲಾಯಿಸುತ್ತಾರೆ. ಹೆಚ್ಚಿನವರಲ್ಲಿ ಆಗ ಆ ಹಂಬಲ ತಗ್ಗುತ್ತದೆ. ಹೊಸದಾಗಿ ಈ ಮಾತ್ರೆ ಶುರುವಾದವರ ಮನೆಯವರು ಮೊದಲ ದಿನದಿಂದಲೇ ಪಾಸ್‌ಬುಕ್ಕಿನ ಮೇಲೆ ಒಂದು ಕಣ್ಣಿಡುವುದು ಒಳ್ಳೆಯದು.